ನಾಯಿ ಹಿಡ್ಕೊಳ್ರೋ!

ಆ ನಾಯಿ ಬೊಗಳುತ್ತಿರಲಿಲ್ಲ. ಯುದೋನಳಿಗೆ ಮೊದಲ ದಿನವೇ ಹಿಡಿಸದೆ ಹೋದದ್ದು ಅದು.

ಬೊಗಳದ ನಾಯಿಯನ್ನು ಕಟ್ಟಿಕೊಂಡು ಮಾಡುವುದೇನು? ನಮ್ಮ ಗೋಲೋಕ್ ಹುಲ್ಲುಬಯಲಿನಲ್ಲಿ ಮನೆಯಿಂದ ಮನೆಗೆ ಹೋಗುವಷ್ಟರಲ್ಲಿ ಕುದುರೆಗೂ ಬೆವರು ಕಿತ್ತು ಬರುತ್ತದೆ. ಯಾರು ಬಂದರೂ ಮೊದಲು ತಿಳಿಯುವುದು ನಾಯಿಗೆ. ಅದು ಬೊಗಳಿತೆಂದರೆ ಬಂದವರು ದೂರದಲ್ಲೇ ನಿಂತು, "ನಾಯಿ ಹಿಡ್ಕೊಳ್ರೋ!" ಎಂದು ಕೂಗುತ್ತಾರೆ. ಮನೆಯವರಲ್ಲಿ ಒಬ್ಬರು ಹೋಗಿ ನಾಯಿಯ ಕುತ್ತಿಗೆಯ ಮೇಲೆ ಮೈಯೊರಗಿಸಿ ಕೂತು, ನಿಲುವಂಗಿಯ ಉದ್ದ ತೋಳನ್ನು ಅದರ ಕಣ್ಣಿಗೆ ಮುಚ್ಚಿ ಹಿಡಿದುಕೊಳ್ಳುತ್ತಾರೆ. "ಹಿಡ್ಕೊಂಡಿದ್ದೀನಿ, ಬನ್ನಿ" ಎಂದ ಮೇಲೆಯೇ ಬಂದವರು ಹೆಜ್ಜೆ ಮುಂದಿಡುವುದು. ಆ ಮಾತಿನಲ್ಲಿ ಸುಳ್ಳು ಹೇಳುವವರು ನಮ್ಮಲ್ಲಿಲ್ಲ. ಕುರಿ ಕದ್ದು ಇಲ್ಲವೆಂದವರುಂಟು, ಹೆಂಡತಿಗೆ ಸುಳ್ಳು ಹೇಳಿದವರಂತೂ ಬೇಕಾದಷ್ಟು. ನಾಯಿ ಹಿಡಿಯದೆ ಹಿಡಿದಿದ್ದೇನೆ ಎಂದವರನ್ನು ಮಾತ್ರ ಯಾರೂ ಕಂಡಿಲ್ಲ.

ನಾಯಿ ಮನೆಗೆ ಬಂದದ್ದು ಮಗಳು ನೋರ್ಕಿಯ ಕಾರಣಕ್ಕೆ. ಹಿಂದಿನ ಚಳಿಗಾಲದಲ್ಲಿ ಹುಡುಗಿಗೆ ಎದೆ ಕಟ್ಟಿತು. ಪಟ್ಟಣದ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿ ಎದ್ದು ಬಂದಾಗ ಮಗುವಿನ ಮೈಯಲ್ಲಿ ಕಣ್ಣು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಮಠದ ಗುರುಗಳು ಅವಳ ನೆತ್ತಿ ಮುಟ್ಟಿ ನೋಡಿ, "ಇವಳ ಹೆಸರಲ್ಲಿ ಒಂದು ಜೀವ ಬಿಡಿಸಿ" ಎಂದರು. ಜೀವ ಬಿಡಿಸುವುದೆಂದರೆ ಸಾಯಬೇಕಿದ್ದ ಪ್ರಾಣಿಯೊಂದರ ಕಿವಿಗೆ ಕೆಂಪು ದಾರ ಪೋಣಿಸಿ, ಅದು ತಾನಾಗಿ ಸಾಯುವವರೆಗೂ ಕಾಪಾಡುತ್ತೇವೆಂದು ಮಾತು ಕೊಡುವುದು. ಅದು ಬದುಕಿದಷ್ಟೂ ಯಾರ ಹೆಸರಲ್ಲಿ ಬಿಡಿಸಿದರೋ ಅವರ ಆಯುಸ್ಸು ಬೆಳೆಯುತ್ತದೆ.

ಬೇರೆಯವರಾಗಿದ್ದರೆ ಮಂದೆಯಲ್ಲಿದ್ದ ಒಂದು ಮುದಿ ಕುರಿಗೆ ದಾರ ಕಟ್ಟಿ ಕೈತೊಳೆದುಕೊಳ್ಳುತ್ತಿದ್ದರು. ಆದರೆ ಯುದೋನಳ ಗಂಡ ಲುಬುಮ್‌ಗೆ ಎಲ್ಲವೂ ದೊಡ್ಡದೇ ಆಗಬೇಕು. ದೊಡ್ಡ ನಗು, ದೊಡ್ಡ ಮಾತು, ದೊಡ್ಡ ಬಟ್ಟಲು. "ನನ್ನ ಮಗಳ ಆಯುಸ್ಸು ಒಂದು ಕುರಿಯಷ್ಟೇನೇ?" ಎಂದವನೇ ಮೋಟರ್ ಸೈಕಲ್ ಹತ್ತಿ, ಯುದೋನಳನ್ನೂ ಹಿಂದೆ ಕೂರಿಸಿಕೊಂಡು ಮಠದ ಹಿಂದಿನ ನಾಯಿದೊಡ್ಡಿಗೆ ಹೋದ.

ಆ ದೊಡ್ಡಿಯ ಕಥೆ ಎಲ್ಲರಿಗೂ ಗೊತ್ತು. ಒಂದು ಕಾಲಕ್ಕೆ ದೂರದ ನಗರಗಳ ಸಾಹುಕಾರರಿಗೆ ನಮ್ಮ ದೈತ್ಯ ನಾಯಿಗಳ ಹುಚ್ಚು ಹತ್ತಿತ್ತು. ಹುಚ್ಚು ಇಳಿದ ದಿನ ಅವರಿಗೆ ಅವು ಬೇಡವಾದವು. ಕೆಲವನ್ನು ಲಾರಿಗೆ ತುಂಬಿ ಕಟುಕರಿಗೆ ಕಳಿಸಿದರು, ಕೆಲವನ್ನು ಬಯಲಿಗೆ ತಂದು ಬಿಟ್ಟು ಹೋದರು. ಯಾವ ಮಂದೆಯನ್ನೂ ಕಾದು ಗೊತ್ತಿಲ್ಲದ, ಯಾರ ಮನೆಗೂ ಸೇರದ ಆ ನಾಯಿಗಳು ಗುಂಪು ಕಟ್ಟಿದವು. ಕೈಗೆ ಸಿಕ್ಕಷ್ಟನ್ನು ಭಿಕ್ಷುಗಳು ಹಿಡಿದು ತಂದು ಕೂಳು ಹಾಕುತ್ತಿದ್ದರು. ಸಿಗದವು ಗುಡ್ಡಗಳಲ್ಲಿದ್ದವು.

ದೊಡ್ಡಿಯಲ್ಲಿ ನೂರಾರು ಗಂಟಲು ಒಟ್ಟಿಗೆ ಹರಿಯುತ್ತಿದ್ದವು. ಒಂದು ಮಾತ್ರ ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. ಕರೀ ಮೈ, ಕುತ್ತಿಗೆಯ ಸುತ್ತ ಸಿಂಹದ ಕೇಸರ, ಎತ್ತರ ಲುಬುಮ್‌ನ ಸೊಂಟದವರೆಗೆ.

"ಇದೇ" ಎಂದ ಲುಬುಮ್. "ಸೆಂಗೆ ಅಂತ ಕರೆಯೋಣ. ಸಿಂಹ."

"ಇಷ್ಟೊಂದು ನಾಯಿ ಬೊಗಳ್ತಿವೆ, ಇದ್ಯಾಕೆ ಸುಮ್ಮನಿದೆ?" ಎಂದಳು ಯುದೋನ್.

"ದೊಡ್ಡ ಮನುಷ್ಯರ ಮಾತು ಕಮ್ಮಿ ಕಣೇ."

"ಹಾಗಿದ್ರೆ ನೀನು ಯಾವ ಲೆಕ್ಕ?"

ದೊಡ್ಡಿ ನೋಡಿಕೊಳ್ಳುತ್ತಿದ್ದ ಮುದಿ ಭಿಕ್ಷು ಜಿನ್ಪಾ ನಕ್ಕರು. ದಾರ ಪೋಣಿಸಲು ಕಿವಿ ಹಿಡಿದು ಕೂದಲು ಸರಿಸಿದಾಗ ಅಲ್ಲಿ ಹಳೆಯದೊಂದು ತೂತಿತ್ತು. ಯುದೋನ್ ಅದನ್ನು ಕಂಡಳು. "ಇದಕ್ಕೆ ಮೊದಲೇ ಯಾರೋ ದಾರ ಕಟ್ಟಿದ್ರಾ?"

"ಇದ್ದರೂ ಇರಬಹುದು ತಾಯಿ. ಇಲ್ಲಿಗೆ ತಂದು ಬಿಟ್ಟು ಹೋಗೋರು ಹೆಸರು ಹೇಳಿ ಹೋಗಲ್ಲ." ಜಿನ್ಪಾ ಅದೇ ತೂತಿನಲ್ಲಿ ಹೊಸ ದಾರ ಸೇರಿಸಿ ಗಂಟು ಹಾಕಿದರು. "ಒಂದು ಮಾತು ನೆನಪಿರಲಿ. ಇನ್ಮೇಲೆ ಇದರ ಪ್ರಾಣ ನಿಮ್ಮ ಮಗು ಹೆಸರಲ್ಲಿ. ಕೊಲ್ಲೋ ಹಾಗಿಲ್ಲ, ಮಾರೋ ಹಾಗಿಲ್ಲ, ಓಡಿಸೋ ಹಾಗಿಲ್ಲ."

ಮೂರಕ್ಕೂ ಗಂಡ ಹೆಂಡತಿ ಇಬ್ಬರೂ ತಲೆ ಬಾಗಿಸಿದರು.

ನೋರ್ಕಿಗೆ ನಾಯಿಯ ಮೇಲೆ ಪ್ರಾಣ. ಹಾಸಿಗೆಯಿಂದ ಏಳಲು ಅಳುತ್ತಿದ್ದವಳು ಅದರ ಕೇಸರ ಹಿಡಿದುಕೊಂಡು ಅಂಗಳದಲ್ಲಿ ನಡೆಯತೊಡಗಿದಳು. ಕೆನ್ನೆಗೆ ಬಣ್ಣ ಬಂತು, ಕೆಮ್ಮು ಇಳಿಯಿತು. ಬೇಸಿಗೆ ಮುಗಿಯುವಷ್ಟರಲ್ಲಿ ಅಪ್ಪನ ಹತ್ತಿರ ಹಟ ಮಾಡಿ ನಾಯಿ ಹಿಡಿಯುವ ಕೆಲಸವನ್ನು ತನ್ನದಾಗಿಸಿಕೊಂಡಳು. ಲುಬುಮ್‌ಗೂ ಇದೇ ಬೇಕಿತ್ತು. ಸ್ವಂತ ಮನೆಗೆ ಬರುವಾಗಲೂ ತೊರೆಯ ಆಚೆಯಿಂದಲೇ, "ನಾಯಿ ಹಿಡ್ಕೊಳ್ರೋ! ದೂರದ ನೆಂಟ ಬಂದಿದ್ದೀನಿ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಮಗಳು ಕೈಯಲ್ಲಿದ್ದುದನ್ನು ಬಿಸಾಡಿ ಓಡುತ್ತಿದ್ದಳು. ನಾಯಿಯ ಮೇಲೆ ಒರಗಿ ಅದರ ಕಣ್ಣು ಮುಚ್ಚಿ, "ಹಿಡ್ಕೊಂಡಿದ್ದೀನಿ ಬನ್ನಿ, ಎಲ್ಲಿಂದ ಬಂದ್ರಿ, ಮನೇಲೆಲ್ಲ ಸೌಖ್ಯವಾ?" ಎಂದು ದೊಡ್ಡವಳ ಹಾಗೆ ಕೇಳುತ್ತಿದ್ದಳು. ಅಪ್ಪ ಮಗಳ ಈ ಆಟ ನೋಡಿ ಯುದೋನ್ ನಗುತ್ತಿದ್ದಳು ನಿಜ. ಆದರೆ ಮಗಳ ಕುತ್ತಿಗೆಗಿಂತ ಆ ನಾಯಿಯ ಬಾಯಿ ಅಗಲವಿತ್ತು, ಅದು ಅವಳಿಗೆ ಪ್ರತಿಸಲವೂ ಕಾಣುತ್ತಿತ್ತು.

ಬೇಸಿಗೆಯ ಹುಲ್ಲುಗಾವಲಿನಿಂದ ಚಳಿಗಾಲದ ಮನೆಗೆ ಇಳಿದು ಬಂದ ಮೇಲೆ ಅವಳ ನೆಮ್ಮದಿ ಪೂರ್ತಿ ಕೆಟ್ಟಿತು. ಎಲ್ಲರ ನಾಯಿಗಳ ಹಾಗೆ ಸೆಂಗೆಯನ್ನೂ ಹಗಲು ಅಂಗಳದ ಗೂಟಕ್ಕೆ ಕಟ್ಟಿ, ಕತ್ತಲಾದ ಮೇಲೆ ಬಿಡುತ್ತಿದ್ದರು. ಬೆಳಿಗ್ಗೆ ಅದು ತಾನಾಗಿ ಗೂಟದ ಹತ್ತಿರ ಬಂದು ಮಲಗಿರುತ್ತಿತ್ತು. ಒಂದು ಬೆಳಿಗ್ಗೆ ಅದರ ಮೂತಿಯ ಕೂದಲು ರಕ್ತದಲ್ಲಿ ಹೆಪ್ಪುಗಟ್ಟಿತ್ತು. ಯುದೋನ್ ಹಟ್ಟಿಗೆ ಓಡಿ ತಮ್ಮ ಕುರಿಗಳನ್ನು ಎಣಿಸಿದಳು. ಒಂದೂ ಕಡಿಮೆಯಿರಲಿಲ್ಲ. ಹಾಗಾದರೆ ಯಾರದು?

ಮಧ್ಯಾಹ್ನ ನೆರೆಮನೆಯ ಚಿಮಿ ಕುದುರೆಯ ಮೇಲೆ ಬಂದಳು. ಚಿಮಿ ಬಂದಳೆಂದರೆ ಸುದ್ದಿ ಬಂತೆಂದೇ ಅರ್ಥ, ಅದೂ ಒಳ್ಳೆಯದಾಗಿರುವುದಿಲ್ಲ.

"ನಮ್ಮ ಎರಡು ಕುರಿ ಹೋಯ್ತಲ್ಲೇ! ತಿಂದೂ ಇಲ್ಲ, ಬರೀ ಗಂಟಲು ಸೀಳಿ ಹಾಕಿವೆ. ತೋಳ ಆದ್ರೆ ಹೊಟ್ಟೆಗೆ ತಿನ್ನುತ್ತೆ. ಇದು ನಾಯಿ ಕೆಲಸ." ಹೇಳುತ್ತಲೇ ಅವಳ ಕಣ್ಣು ಗೂಟದ ಕಡೆ ಹರಿಯಿತು. "ನಿಮ್ಮ ಸಾಹುಕಾರರು ರಾತ್ರಿ ಎಲ್ಲಿಗೆ ಸವಾರಿ ಹೋಗಿರ್ತಾರೋ."

"ನಮ್ಮದು ಇಲ್ಲೇ ಇತ್ತು ಅಕ್ಕ" ಎಂದಳು ಯುದೋನ್. ಬಿಸಿನೀರಿನಲ್ಲಿ ನಾಯಿಯ ಮೂತಿ ಒರೆಸಿದ ಬಟ್ಟೆ ಇನ್ನೂ ಅವಳ ಕೈಯಲ್ಲೇ ಇತ್ತು. ಅದನ್ನು ಮಡಿಲಿಗೆ ತುರುಕಿಕೊಂಡಳು.

ಅದಾದ ಮೇಲೆ ಅವಳು ನಾಯಿಯನ್ನು ನೋಡುವುದೇ ಒಂದು ಕೆಲಸವಾಯಿತು. ಕೆಲವು ಸಂಜೆ ಅದು ಸರಪಳಿ ಬಿಗಿಯುವಷ್ಟು ಮುಂದೆ ಬಂದು, ನಾಲ್ಕೂ ಕಾಲು ಊರಿ ನಿಂತು ಬಾಯಿ ತೆರೆಯುತ್ತಿತ್ತು. ಹಲ್ಲೆಲ್ಲ ಕಾಣುವಂತೆ ತೆರೆದು ಮುಚ್ಚುವುದು, ತೆರೆದು ಮುಚ್ಚುವುದು. ಉಸಿರಿನ ಹಬೆ ಬಿಟ್ಟರೆ ಸದ್ದಿಲ್ಲ. ಎದುರಿಗೆ ಗುಡ್ಡ. ಗುಡ್ಡಕ್ಕೂ ನಾಯಿಗೂ ನಡುವೆ, ಒಣಸಗಣಿ ಒಟ್ಟಿ ಕಟ್ಟಿದ ಗೋಡೆಯ ಹತ್ತಿರ, ಬುಟ್ಟಿ ಹಿಡಿದು ಆಡುತ್ತಿದ್ದ ನೋರ್ಕಿ. ಯುದೋನಳಿಗೆ ಕಂಡದ್ದು ಗುಡ್ಡವಲ್ಲ, ಮಗಳು. ಹೆತ್ತವಳಿಗೆ ಬೇರೇನು ಕಾಣಬೇಕು?

ಚಳಿಗಾಲದ ಮಾಂಸಕ್ಕೆ ಹೋರಿ ಕೊಯ್ಯುವ ಕಾಲ ಬಂತು. ಲುಬುಮ್ ಅಣ್ಣನ ಮನೆಗೆ ಕೈಜೋಡಿಸಲು ಹೊರಟಿದ್ದ. ಅದೇ ಬೆಳಿಗ್ಗೆ ಇನ್ನೊಂದು ಸುದ್ದಿ ಬಂತು. ಪ್ರಾರ್ಥನಾ ಪತಾಕೆಗಳ ಕಣಿವೆಯಲ್ಲಿ ಪ್ರದಕ್ಷಿಣೆಗೆ ಹೋಗಿದ್ದ ಮುದುಕಿಯೊಬ್ಬಳನ್ನು ನಾಯಿಗಳು ಕಿತ್ತುಹಾಕಿದ್ದವು. ಜಪಮಾಲೆ ಹಿಡಿದ ಕೈಯಿಂದ ಗುರುತು ಸಿಕ್ಕಿತಂತೆ.

"ಇವತ್ತಿನಿಂದ ಅದನ್ನ ರಾತ್ರಿನೂ ಕಟ್ಟು" ಎಂದಳು ಯುದೋನ್.

"ನಾಯಿಗಳು ಅಲೆದಾಡ್ತಿರೋ ಹೊತ್ತಲ್ಲಿ ನಾಯಿ ಕಟ್ಟಾಕೋದಾ? ತಲೆ ನೆಟ್ಟಗಿದೆಯಾ ನಿಂಗೆ?"

"ಅದೂ ಅವುಗಳ ಜೊತೆಗೇ ಇದ್ರೆ? ಮೂತಿ ತುಂಬ ರಕ್ತ ಇತ್ತಲ್ಲ ಲುಬುಮ್, ನಾನೇ ಒರೆಸಿದ್ದೀನಿ!"

ಅವನು ನಗಲಿಲ್ಲ. ನಗದ ಲುಬುಮ್‌ನನ್ನು ನೋಡಿ ಅವಳಿಗೆ ಇನ್ನೂ ಹೆದರಿಕೆಯಾಯಿತು. "ಹಾಗೇ ಆಗಿದ್ರೂ ಏನು ಮಾಡ್ತೀಯ?" ಎಂದ ಮೆಲ್ಲಗೆ. "ಅದರ ಕಿವೀಲಿರೋದು ನೋರ್ಕಿ ಆಯುಸ್ಸು. ನಾಳೆ ಸಂಜೆ ಬರ್ತೀನಿ. ಅಲ್ಲೀವರೆಗೆ ಸುಮ್ಮನಿರು."

ಅವನು ಹೋದ ಮೇಲೆ ಯುದೋನ್ ಒಲೆಯ ಮುಂದೆ ಕೂತು ಯೋಚಿಸಿದಳು. ನಾಯಿ ಇದ್ದರೆ ಮಗಳನ್ನು ಅದು ತಿನ್ನುತ್ತದೆ, ನಾಯಿ ಹೋದರೆ ಆಣೆ ತಿನ್ನುತ್ತದೆ. ಅತ್ತ ಹೋದರೂ ಕಷ್ಟ, ಇತ್ತ ಬಂದರೂ ಕಷ್ಟ. ಯಾರಾದರೂ ಬಂದು ತನ್ನ ಕೈಯಿಂದ ಇದನ್ನು ಬಿಡಿಸಿಕೊಂಡು ಹೋಗಬಾರದೇ ಎಂದು ದೇವರ ಮುಂದಿನ ದೀಪ ನೋಡುತ್ತ ಅಂದುಕೊಂಡಳು. ಬೇಡಿಕೊಳ್ಳುವಾಗ ಮನುಷ್ಯರು ಸ್ವಲ್ಪ ಹಿಂದೆಮುಂದೆ ನೋಡಬೇಕು.

ಮಧ್ಯಾಹ್ನ ಊಟವಾಗಿ ನೋರ್ಕಿ ಮಲಗಿದ್ದಾಗ ತೊರೆಯ ಆಚೆ ಸಣ್ಣ ಲಾರಿಯೊಂದು ನಿಂತಿತು. "ನಾಯಿ ಹಿಡ್ಕೊಳ್ರಮ್ಮೋ!" ಎಂಬ ಕೂಗು ಕೇಳಿತು. ಮಗಳನ್ನು ಎಬ್ಬಿಸುವುದು ಬೇಡವೆಂದು ಯುದೋನ್ ತಾನೇ ಹೋದಳು. ಸೆಂಗೆಯ ಮೇಲೆ ಅವಳು ಒರಗಿದ್ದು ಅದೇ ಮೊದಲು. ಕಣ್ಣಿಗೆ ತೋಳು ಮುಚ್ಚಿದಳು. ಅವಳ ಮೊಣಕೈಯಡಿಯಲ್ಲಿ ನಾಯಿಯ ಗಂಟಲು ಒಂದೇ ಸಮನೆ ಅದುರುತ್ತಿತ್ತು, ಸದ್ದು ಮಾತ್ರ ಇಲ್ಲ.

"ಹಿಡ್ಕೊಂಡಿದ್ದೀನಿ, ಬನ್ನಿ."

ಬಂದವನು ಹತ್ತಿರದಲ್ಲಿ ನಿಂತು ನಾಯಿಯನ್ನೇ ನೋಡಿದ. ಅವನ ಮುಖ ಸೊರಗಿತ್ತು. ಹೆಸರು ತರ್ಗೆ, ಕಣಿವೆಯ ಆಚೆಯವನು, ಮಠದ ಜಿನ್ಪಾ ದಾರಿ ಹೇಳಿ ಕಳಿಸಿದರು ಎಂದ. ಅವನು ಮೆಲ್ಲಗೆ ನಾಲಿಗೆ ಲೊಚಗುಟ್ಟಿದ ಕೂಡಲೇ ಸೆಂಗೆಯ ಬಾಲ ಅಲ್ಲಾಡಿತು.

ಚಹಾದ ಬಟ್ಟಲು ಹಿಡಿದು ಅವನು ಎಲ್ಲವನ್ನೂ ಹೇಳಿದ. ಕಟುಕರ ಲಾರಿಯಿಂದ ಆ ನಾಯಿಯನ್ನು ಇಳಿಸಿಕೊಂಡವನು ಅವನೇ. ತಾಯಿಯ ಹೆಸರಿನಲ್ಲಿ ಮೊದಲ ದಾರ ಕಟ್ಟಿದವನೂ ಅವನೇ. ಅದು ತಿನ್ನುವುದು ನೋಡಿ ಸಾಕಾಗಿ, ಮಠದಲ್ಲಿ ಹೇಗೂ ಕೂಳು ಹಾಕುತ್ತಾರೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ದಾರ ಕಿತ್ತು ದೊಡ್ಡಿಗೆ ಬಿಟ್ಟು ಬಂದಿದ್ದ. ಈಗ ತಾಯಿ ಹಾಸಿಗೆ ಹಿಡಿದಿದ್ದಳು. "ಕೈಬಿಟ್ಟ ಜೀವಾನ ಮನೆಗೆ ಕರ್ಕೊಂಡು ಬಾ" ಎಂದು ಶಕುನ ನೋಡಿದವರು ಹೇಳಿದ್ದರು.

"ಅದರ ಕಿವೀಲಿ ಈಗ ನನ್ನ ಮಗಳ ದಾರ ಇದೆಯಪ್ಪ" ಎಂದಳು ಯುದೋನ್.

"ಗೊತ್ತು ಅಕ್ಕ. ಆದ್ರೆ ನಿಮ್ಮ ಮಗಳು ಎದ್ದು ಓಡಾಡ್ತಿದಾಳೆ. ನಮ್ಮಮ್ಮ ಏಳ್ತಾ ಇಲ್ಲ." ಅವನ ಕಣ್ಣು ತುಂಬಿತು. "ನೀವು ಕೊಲ್ತಿಲ್ಲ, ಮಾರ್ತಿಲ್ಲ, ಓಡಿಸ್ತಿಲ್ಲ. ಮೊದಲು ಕಟ್ಟಿದೋನಿಗೆ ವಾಪಸ್ ಕೊಡ್ತಿದೀರಿ. ಇದರಲ್ಲಿ ಯಾವ ಮಾತು ಮುರೀತು ಹೇಳಿ?"

ಯಾವುದೂ ಮುರಿಯಲಿಲ್ಲ! ಯುದೋನಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೂರು ಮಾತುಗಳನ್ನೂ ಮತ್ತೆ ಮತ್ತೆ ತಿರುಗಿಸಿ ನೋಡಿದಳು. ಎಲ್ಲೂ ಬಿರುಕಿಲ್ಲ. ಗಂಡ ಬರುವವರೆಗೆ ಕಾಯಬಹುದಿತ್ತು, ಕಾಯಲಿಲ್ಲ. ಲುಬುಮ್ ಬೇಡವೆನ್ನುತ್ತಾನೆಂದು ಅವಳಿಗೆ ಗೊತ್ತಿತ್ತು.

ತರ್ಗೆ ಕಿವಿಯ ದಾರವನ್ನು ನಾಜೂಕಾಗಿ ಬಿಚ್ಚಿ ಅವಳ ಅಂಗೈಯಲ್ಲಿಟ್ಟ. "ಒಂದು ಒಳ್ಳೆ ಕುರಿಗೆ ಕಟ್ಟಿಬಿಡಿ." ನಾಯಿಯನ್ನು ಲಾರಿಗೆ ಹತ್ತಿಸುವಾಗ ಅದು ಗುಡ್ಡದ ಕಡೆ ತಿರುಗಿ ನಿಂತು ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು.

"ನೋಡಿ, ಹೀಗೇ ಮಾಡುತ್ತೆ" ಎಂದಳು ಯುದೋನ್. "ಹುಚ್ಚೇನಾದ್ರೂ ಇದೆಯಾ ಅಂತ ನಂಗೆ ಭಯ."

"ಹುಚ್ಚಲ್ಲಕ್ಕ, ಬೊಗಳ್ತಿದೆ. ನಗರದಲ್ಲಿ ಸಾಕಿದ್ದೋರು ಪಕ್ಕದ ಮನೆಯೋರಿಗೆ ಗಲಾಟೆ ಆಗುತ್ತೆ ಅಂತ ಗಂಟಲೊಳಗೆ ಕತ್ತರಿ ಹಾಕಿಸಿದಾರೆ. ಅದು ಯಾವಾಗ್ಲೂ ಬೊಗಳ್ತಾನೇ ಇರುತ್ತೆ. ನಮಗೆ ಕೇಳಿಸಲ್ಲ ಅಷ್ಟೇ."

ಪಾಪ ಎನಿಸಿತು ಅವಳಿಗೆ. ಪಾಪ ಎನಿಸಿತು, ಅಷ್ಟೇ. ಲಾರಿ ಕಣಿವೆಯ ತಿರುವಿನಲ್ಲಿ ಮರೆಯಾಗುವವರೆಗೂ ಬೇರೇನೂ ತೋಚಲಿಲ್ಲ.

ಎದ್ದ ನೋರ್ಕಿ ಮೊದಲು ಕೇಳಿದ್ದೇ, "ಸೆಂಗೆ ಎಲ್ಲಿ?"

"ಬಿಟ್ಟಿದ್ದೀನಿ. ಸುತ್ತಾಡ್ಕೊಂಡು ಬರ್ತಾನೆ."

"ಹಗಲಲ್ಲಿ ಬಿಟ್ಯಾ? ಅಪ್ಪ ಬೈತಾರೆ ನೋಡು." ಹುಡುಗಿ ಅಷ್ಟಕ್ಕೇ ಒಪ್ಪಿದಳು. ಲುಬುಮ್ ಬರಲಿ, ಅವನೇ ಏನಾದರೂ ಕಥೆ ಕಟ್ಟಿ ಮಗುವಿಗೆ ಹೇಳುತ್ತಾನೆ ಎಂದುಕೊಂಡಳು ಯುದೋನ್. ಮಗಳು ಅತ್ತರೆ ಕೆಮ್ಮು ಬರುತ್ತದೆ, ಅದಕ್ಕೇ ಹೇಳಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ನೋರ್ಕಿ ಸೆಂಗೆಯ ಬೋಗುಣಿಗೆ ಮೂಳೆ, ಹಿಟ್ಟಿನ ಗಂಜಿ ತುಂಬಿ ಗೂಟದ ಹತ್ತಿರ ಇಟ್ಟಿದ್ದಳು. "ಹಸ್ಕೊಂಡು ಬರ್ತಾನಲ್ಲ." ಅದನ್ನು ತೆಗೆದಿಡಬೇಕೆಂದುಕೊಂಡ ಯುದೋನ್ ಹಾಲು ಕರೆಯುವುದರಲ್ಲಿ ಮರೆತಳು.

ಆ ಸಂಜೆ ಗಾಳಿ ನಿಂತಿತ್ತು. ಕುರಿಗಳು ಹಟ್ಟಿಯ ಒಂದೇ ಮೂಲೆಗೆ ಒತ್ತಿಕೊಂಡಿದ್ದವು, ಕರೆದರೂ ತಲೆ ಎತ್ತಲಿಲ್ಲ. ಯುದೋನ್ ಒಳಗೆ ಬಂದು ಚಹಾಕ್ಕೆ ಬೆಣ್ಣೆ ಹಾಕುತ್ತಿದ್ದಾಗ ದೂರದಲ್ಲಿ ಮೋಟರ್ ಸೈಕಲ್ ಸದ್ದು ಕೇಳಿತು. ಅದರ ಹಿಂದೆಯೇ ಆ ಕೂಗು.

"ನಾಯಿ ಹಿಡ್ಕೊಳ್ರೋ! ದೂರದ ನೆಂಟ ಬಂದಿದ್ದೀನಿ!"

ನೋರ್ಕಿ ಚಿಗರೆಯ ಹಾಗೆ ಹಾರಿ ಬಾಗಿಲು ದಾಟಿದಳು. ಹೊರಗಿನಿಂದ ಅವಳ ಖುಷಿಯ ದನಿ ಬಂತು. "ಅಮ್ಮಾ, ಬಂದಿದಾನೆ! ಸೆಂಗೆ ಬಂದಿದಾನೆ!"

ಯುದೋನ್ ಸೌಟು ಬಿಟ್ಟು ಎದ್ದಳು.

ಅವಳು ಬಾಗಿಲಿಗೆ ಬರುವಷ್ಟರಲ್ಲಿ ಮಗಳು ಆಗಲೇ ಒರಗಿ ಕೂತಿದ್ದಳು. ಗೂಟದ ಪಕ್ಕ, ಬೋಗುಣಿಯ ಮುಂದೆ, ಕಪ್ಪು ನಾಯಿ. ಅಷ್ಟೇ ಎತ್ತರ, ಅಂಥದೇ ಕೇಸರ. ಅದರ ಕಣ್ಣಿನ ಮೇಲೆ ನೋರ್ಕಿಯ ತೋಳು. ಎರಡು ಕಿವಿಯೂ ಕಾಣುತ್ತಿದ್ದವು, ಎರಡೂ ಬರಿದು. ಕೆಂಪು ದಾರ ಯುದೋನಳ ಮಡಿಲಲ್ಲಿತ್ತು.

ನಾಯಿ ಗುರುಗುಟ್ಟಿತು. ಇದಕ್ಕೆ ಗಂಟಲಿತ್ತು. ಆ ಸದ್ದಿಗೆ ಸಗಣಿ ಗೋಡೆಯ ಹಿಂದಿನಿಂದ ಇನ್ನೊಂದು ತಲೆ ಎದ್ದಿತು. ಮತ್ತೊಂದು ಎದ್ದಿತು. ಗುಡ್ಡದ ಇಳಿಜಾರಿನಲ್ಲಿ ಕಲ್ಲುಗಳೆಂದು ಅವಳು ದಿನವೂ ನೋಡುತ್ತಿದ್ದವುಗಳಲ್ಲಿ ಕೆಲವು ನಡೆದು ಬರುತ್ತಿದ್ದವು. ಸೆಂಗೆ ಯಾರನ್ನು ನೋಡಿ ಬೊಗಳುತ್ತಿತ್ತು, ಮೂತಿಗೆ ಯಾರ ರಕ್ತ ಹತ್ತಿಸಿಕೊಂಡು ಬರುತ್ತಿತ್ತು ಎಂಬುದು ಅವಳಿಗೆ ಆಗ ತಿಳಿಯಿತು. ತಿಳಿದು ಪ್ರಯೋಜನವೇನು!

ಕಿರುಚಬಾರದು. ಓಡಬಾರದು. ಯಾವುದೋ ಕಾಲಕ್ಕೆ ಯಾರದೋ ಮನೆಯಲ್ಲಿ ಹೀಗೆ ಕಣ್ಣು ಮುಚ್ಚಿಸಿಕೊಂಡು ಬೆಳೆದ ನಾಯಿಯಿರಬೇಕು, ಆ ಹಳೆಯ ರೂಢಿಯೊಂದೇ ಅದನ್ನು ತಡೆದು ನಿಲ್ಲಿಸಿತ್ತು. ಯುದೋನ್ ಒಂದೊಂದೇ ಹೆಜ್ಜೆಯಿಟ್ಟು ಹೋಗಿ ಮಗಳ ಪಕ್ಕ ಕೂತಳು. ತನ್ನ ತೋಳನ್ನು ಮಗಳ ತೋಳಿನ ಕೆಳಗೆ ಜಾರಿಸಿದಳು.

"ನೀನು ಹೋಗಿ ಅಪ್ಪನಿಗೆ ಚಹಾ ಬಗ್ಗಿಸು."

"ಇದು ನನ್ನ ಕೆಲಸ!"

"ಇವತ್ತೊಂದಿನ ನಂಗೆ ಕೊಡೇ ಬಂಗಾರ. ಓಡಬೇಡ. ಹಿಂದೆ ನೋಡಬೇಡ. ಒಳಗೆ ಹೋಗಿ ಅಗಳಿ ಹಾಕ್ಕೋ, ಒಲೆ ಬಿಸಿ ಹೊರಗೆ ಹೋಗುತ್ತೆ."

ನೋರ್ಕಿ ಮುಖ ಊದಿಸಿಕೊಂಡು ಎದ್ದಳು. ಯುದೋನ್ ತನ್ನ ಪೂರ್ತಿ ಭಾರವನ್ನು ಆ ಕುತ್ತಿಗೆಯ ಮೇಲೆ ಹಾಕಿದಳು. ಅದರ ಮೈಯ ಕೊಳೆತ ವಾಸನೆ ಅವಳ ಮೂಗಿಗೆ ರಾಚಿತು. ಗೋಡೆಯ ಹಿಂದಿದ್ದವು ಅಂಗಳಕ್ಕೆ ಇಳಿದಿದ್ದವು, ಅವುಗಳ ಕಣ್ಣು ಮಗಳ ಬೆನ್ನಿನ ಮೇಲಿತ್ತು.

"ಹಿಡ್ಕೊಂಡ್ರೇನ್ರೋ?" ಲುಬುಮ್‌ನ ದನಿ ತೊರೆ ದಾಟಿ ಬಂತು. ನಗುವಿತ್ತು ಅದರಲ್ಲಿ. ಉತ್ತರ ಬರಲಿಲ್ಲವೆಂದು ಅವನು ಅಲ್ಲೇ ನಿಂತು ಕಾದ. "ಏನು, ಮನೇಲಿ ಯಾರೂ ಇಲ್ವಾ? ನೆಂಟರನ್ನ ಹೀಗಾ ನಿಲ್ಲಿಸೋದು?"

ಈಗ ಕೂಗಿದರೆ ಅವೆಲ್ಲ ಒಟ್ಟಿಗೆ ಎದ್ದು ಬೀಳುತ್ತವೆ. ಮಗಳು ಇನ್ನೂ ಅಂಗಳದ ನಡುವಿದ್ದಳು. ಇನ್ನೂ ಹೊಸ್ತಿಲ ಹತ್ತಿರವಿದ್ದಳು. ತೋಳಿನ ಕೆಳಗೆ ನಾಯಿಯ ದವಡೆ ತೆರೆಯುತ್ತಿತ್ತು, ಅದರ ಹಲ್ಲು ನಿಲುವಂಗಿಯ ತೊಗಲನ್ನು ದಾಟಿ ಕೈಗೆ ತಾಗಿತು. ಅವಳು ಕೈ ತೆಗೆಯಲಿಲ್ಲ.

"ನೋರ್ಕೀ, ಹಿಡ್ಕೊಂಡ್ಯಾ ಮಗಳೇ? ಬರಲಾ?"

ಬಾಗಿಲು ಮುಚ್ಚಿತು. ಅಗಳಿ ಬಿದ್ದ ಸದ್ದು ಕೇಳಿಸಿತು.

ಆಗ ಯುದೋನ್ ತಲೆ ಎತ್ತಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಗಂಡನಿಗೆ ಕೇಳುವಂತೆ ಕೂಗಿದಳು.

"ಬರಬೇಡ ಲುಬುಮ್! ಒಂದನ್ನ ಮಾತ್ರ ಹಿಡ್ಕೊಂಡಿದ್ದೀನಿ!"